ಅಡುಗೆಮನೆ ನಿಮಗೆ ಏನು ಕಲಿಸಿತು? (ತಾಳ್ಮೆ ಅನ್ನೋ ಉತ್ತರ ಬೇಡ)

ಹಂಚಿನ ಮುಂದೆ, ಕಲಬುರಗಿ
ಎಲ್ಲರಿಗೂ ನಮಸ್ಕಾರ. ಮನೆಯವಳಿಗೆ ಬೀದರ್ ಜಿಲ್ಲೆಯ ಔರಾದ್ ಕಡೆ ಒಂದು ಶಾಲೆಗೆ ಪೋಸ್ಟಿಂಗ್ ಆಗಿದೆ. ಶನಿವಾರ ಬಸ್ಸಿಗೆ ಬರುತ್ತಾಳೆ, ಸೋಮವಾರ ನಸುಕಿನಲ್ಲಿ ಹೊರಡುತ್ತಾಳೆ. ಇಲ್ಲಿ ನಾನು, ಅಪ್ಪ, ಎರಡನೇ ಕ್ಲಾಸಿನ ಮಗಳು. ಹಾಗಾಗಿ ಒಲೆ ನನ್ನ ಪಾಲಿಗೆ ಬಂದಿದೆ.

ಮೊನ್ನೆ ಆಫೀಸಿನಲ್ಲಿ ಒಂದು ತರಬೇತಿ ಇತ್ತು. ಮಾತಾಡಲು ಬಂದವರು "ಅಡುಗೆಮನೆ ಜೀವನದ ಪಾಠಶಾಲೆ, ಅದು ತಾಳ್ಮೆ ಕಲಿಸುತ್ತದೆ" ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ನಗು ಬಂತು. ಬೆಳಗ್ಗೆ ಎಂಟಕ್ಕೆ ಮಗಳ ಆಟೋ ಬಂದು ಹಾರ್ನ್ ಹೊಡೆಯುವಾಗ ಎಲ್ಲಿಯ ತಾಳ್ಮೆ? ನಾನು ಕಲಿತದ್ದು ಬೇರೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು. ಬೇಳೆ ಕುಕ್ಕರಿಗೆ ಹೋದ ಮೇಲೆ ಬದನೆಕಾಯಿ ಹೆಚ್ಚಬೇಕು. ಉಲ್ಟಾ ಮಾಡಿದರೆ ಸೀಟಿ ಕಾಯುತ್ತಾ ಸುಮ್ನೆ ನಿಲ್ಲಬೇಕು. ಈಗ ಫೈಲುಗಳನ್ನೂ ಹಾಗೇ ನೋಡುತ್ತೇನೆ. ಬೇರೆಯವರ ಸಹಿಗೆ ಹೋಗಬೇಕಾದ್ದು ಮೊದಲು ಹೋಗಲಿ, ಅದು ಅಲ್ಲಿ ಬೇಯುತ್ತಿರುವಾಗ ನನ್ನ ಕೆಲಸ ಮುಗಿಸುತ್ತೇನೆ.

ನಿಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಏನು, ಹೇಳಿ. ಕ್ಯಾಲೆಂಡರಿನ ಮೇಲೆ ಬರೆಯುವ ಮಾತು ಬೇಡ.

ಇನ್ನೊಂದು. ನನ್ನ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಅದಕ್ಕೂ ಯಾರಾದರೂ ದಾರಿ ತೋರಿಸಿ.

ಶಹಾಬಾದ್ ಕಲ್ಲು
ಹಸಿವಾಯಿತು, ಮಾಡಿದ್ರಿ, ತಿಂದ್ರಿ. ಇದರಲ್ಲಿ ಜೀವನದ ಪಾಠ ಎಲ್ಲಿ ಬಂತು?

ಸೇಡಂ ಅಕ್ಕ
ತಮ್ಮಾ, ಮೊದಲು ರೊಟ್ಟಿ ಮಾತು. ನೀರು ಕುದಿಸುತ್ತೀಯೋ, ಬೆಚ್ಚಗೆ ಮಾಡಿ ಸುರಿಯುತ್ತೀಯೋ? ಎಸರು ಕೊತಕೊತ ಕುದಿಯಬೇಕು. ಪರಾತದಲ್ಲಿ ಹಿಟ್ಟಿನ ನಡುವೆ ಗುಣಿ ಮಾಡಿ ಹೊಯ್ಯಿ. ಚಮಚೆಯಿಂದ ಕಲಸಿ ಮುಚ್ಚಿಡು. ಕೈ ತಡೆಯುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ನಾದು. ಎಲ್ಲಾ ಹಿಟ್ಟು ಒಟ್ಟಿಗೆ ನಾದಿ ಇಡಬೇಡ. ಒಂದು ರೊಟ್ಟಿಗೆ ಬೇಕಾದಷ್ಟು ತಗೊಂಡು, ನೀರು ಹಚ್ಚಿ ಮತ್ತೆ ನಾದಿ, ಆಗ ಬಡಿ. ಬಡಿಯುವಾಗ ನಡುವೆ ಏಟು ಕಮ್ಮಿ, ಅಂಚಿಗೆ ಜಾಸ್ತಿ. ಹಂಚಿಗೆ ಹಾಕಿದ ತಕ್ಷಣ ಮೇಲೆ ಒದ್ದೆ ಅರಿವೆ ಎಳಿ. ನೀರು ಆರುತ್ತಾ ಬಂದಾಗ ತಿರುವಿ ಹಾಕು. ಇಷ್ಟಾದರೂ ಸೀಳಿದರೆ ಹಿಟ್ಟು ಹಳೆಯದು, ಜಿಗಿ ಹೋಗಿದೆ ಅಂತ ಅರ್ಥ. ಒಂದು ವಾರಕ್ಕೆ ಆಗುವಷ್ಟು ಮಾತ್ರ ಬೀಸಿಸು.

ಇನ್ನು ನಿನ್ನ ಪ್ರಶ್ನೆ. ಸಿಟ್ಟಾಗಬೇಡ, ನೇರ ಹೇಳುತ್ತೇನೆ. ಗಂಡಸರು ಒಲೆ ಮುಂದೆ ನಿಂತರೆ ಅದು ಪಾಠ, ನಾವು ನಿಂತರೆ ಅದು ಕೆಲಸ. ನಮ್ಮ ಅತ್ತೆ ಜೀವನವಿಡೀ ಹದಿನೈದು ಮಂದಿಗೆ ರೊಟ್ಟಿ ಬಡಿದರು. ನೀವು ಏನು ಕಲಿತಿರಿ ಅಂತ ಅವರನ್ನು ಯಾವ ತರಬೇತಿಯವರೂ ಕೇಳಲಿಲ್ಲ. ಕೇಳಿದ್ದರೆ "ಸೊಂಟ ನೋವು ಕಲಿತೆ" ಅನ್ನುತ್ತಿದ್ದರು.

ಆದರೂ ಕೇಳಿದ್ದೀಯಲ್ಲ, ನನ್ನದು ಹೇಳುತ್ತೇನೆ. ಯಾರು ಊಟಕ್ಕೆ ಕೂತು ಎಷ್ಟನೇ ರೊಟ್ಟಿಗೆ ಸಾಕು ಅನ್ನುತ್ತಾರೆ ಅಂತ ಗಮನಿಸೋದು ಕಲಿತೆ. ದಿನಾ ಮೂರು ತಿನ್ನುವ ಮೈದುನ ಒಂದಕ್ಕೆ ಎದ್ದರೆ ಏನೋ ಆಗಿದೆ. ಕೇಳಿದರೆ ಬಾಯಿ ಬಿಡಲ್ಲ, ತಾಟು ಹೇಳುತ್ತದೆ. ಅವನು ಕೈಸಾಲ ಮಾಡಿಕೊಂಡಿದ್ದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ನನಗೇ.

ತೊಗರಿ ಕಣಜ
ಸೇಡಂ ಅಕ್ಕ ಹೇಳಿದ ಎಸರಿನ ಮಾತಿಗೆ ಕಾರಣ ಸೇರಿಸುತ್ತೇನೆ. ಗೋಧಿಯಲ್ಲಿ ಗ್ಲುಟೆನ್ ಇದೆ, ತಣ್ಣೀರಲ್ಲಿ ಕಲಸಿದರೂ ಹಿಟ್ಟು ಎಳೆ ಹಿಡಿಯುತ್ತದೆ. ಜೋಳದಲ್ಲಿ ಅದು ಇಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟಾಗುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಆ ಅಂಟೇ. ಅದಕ್ಕೆ ಸುಮಾರು 70 ಡಿಗ್ರಿ ಶಾಖ ಬೇಕು. ಬೆಚ್ಚಗಿನ ನೀರಿನಿಂದ ಆಗಲ್ಲ. ಜೋಳ ಯಾವುದು ಅನ್ನೋದೂ ಮುಖ್ಯ. ಹಿಂಗಾರಿ ಬಿಳಿಜೋಳ, ಅಂದರೆ ಮಾಲದಂಡಿ, ಎಂ 35-1, ರೊಟ್ಟಿಗೆ ಅದೇ ಸರಿ. ಮುಂಗಾರಿನ ಹೈಬ್ರಿಡ್ ಜೋಳ ತಂದು ರೊಟ್ಟಿ ಬರಲಿಲ್ಲ ಅಂತ ಕೈಗೆ ಬೈಯಬೇಡಿ.

ಆಳಂದದವನು, ಸದ್ಯ ಬೆಂಗಳೂರು
ಇಲ್ಲಿ ಪ್ಯಾಕೆಟ್ ಹಿಟ್ಟು ತಂದು ಬಡಿದರೆ ರೊಟ್ಟಿ ಅಲ್ಲ, ಭಾರತದ ನಕ್ಷೆ ಬರುತ್ತದೆ. ಊರಿಗೆ ಹೋದಾಗಲೆಲ್ಲ ಜೋಳ ತರುತ್ತೇನೆ, ಇಲ್ಲೊಂದು ಗಿರಣಿ ಹುಡುಕಿಕೊಂಡಿದ್ದೇನೆ. ಗಿರಣಿಯವರು ರಾಗಿ ಬೀಸಿದ ಮೇಲೆ ನನ್ನ ಜೋಳ ಹಾಕುತ್ತಾರೆ. ರೊಟ್ಟಿ ಸ್ವಲ್ಪ ಕಪ್ಪು. ನಡೆಯುತ್ತದೆ.

ಪಾಠ ಅಂದರೆ, ಸ್ವಲ್ಪ ಸ್ವಲ್ಪ ತರೋದು. ರೂಮಿಗೆ ಬಂದ ಹೊಸದರಲ್ಲಿ ಆಫರ್ ನೋಡಿ ಐದೈದು ಕೆಜಿ ತರುವ ಗೆಳೆಯರಿದ್ದರು. ಅರ್ಧ ಹುಳುವಿಗೆ. ಅಗ್ಗಕ್ಕೆ ಸಿಕ್ಕಿತು ಅಂತ ತಂದದ್ದು ಅಗ್ಗ ಅಲ್ಲ. ಈಗ ಷರ್ಟು, ಮೊಬೈಲು, ಎಲ್ಲದಕ್ಕೂ ಈ ಲೆಕ್ಕ ಹಚ್ಚುತ್ತೇನೆ.

ಹಾಸ್ಟೆಲ್ ಬಿಟ್ಟವಳು
ನಾವು ನಾಲ್ಕು ಹುಡುಗಿಯರು ಕಲಬುರಗಿಯಲ್ಲಿ ರೂಮು ಮಾಡಿ ಓದುತ್ತಿದ್ದೇವೆ. ಒಬ್ಬಳು ಶಹಾಪುರದವಳು, ಒಬ್ಬಳು ಭಾಲ್ಕಿ, ಒಬ್ಬಳು ಚಿತ್ತಾಪುರ, ನಾನು ಅಫಜಲಪುರ. ಅಡುಗೆ ಸರದಿ ಹಾಕಿಕೊಂಡೆವು. ನಿಜ ಹೇಳಬೇಕೆಂದರೆ ಅಡುಗೆಗೆ ಜಗಳವೇ ಆಗಲಿಲ್ಲ. ಜಗಳ ಎಲ್ಲಾ ಭಾಂಡೆ ತಿಕ್ಕುವುದಕ್ಕೆ. ಅಡುಗೆ ಮಾಡಿದವಳಿಗೆ "ವಾ, ಚೆನ್ನಾಗಿದೆ" ಅಂತ ಹೊಗಳಿಕೆ ಸಿಗುತ್ತದೆ. ತಳ ಹತ್ತಿದ ಪಾತ್ರೆ ತಿಕ್ಕಿದವಳಿಗೆ ಏನೂ ಇಲ್ಲ. ಆಮೇಲೆ ನಿಯಮ ಬದಲಿಸಿದೆವು. ಅವತ್ತು ಮಾಡಿದವಳೇ ಅವತ್ತು ತಿಕ್ಕಬೇಕು. ನಂಬಿ, ಮರುದಿನದಿಂದಲೇ ಯಾರೂ ನಾಲ್ಕು ಪಾತ್ರೆ ಬಳಸಲಿಲ್ಲ, ಎಲ್ಲಾ ಒಂದೇ ಬೋಗುಣಿಯಲ್ಲಿ!

ಕಾಲೇಜಿನ ಗುಂಪು ಪ್ರಾಜೆಕ್ಟಿನಲ್ಲೂ ಈಗ ಇದನ್ನೇ ಹೇಳುತ್ತೇನೆ. ಪಿಪಿಟಿ ಓದುವವರೇ ಡೇಟಾ ಟೈಪ್ ಮಾಡಲಿ.

ಶಹಾಬಾದ್ ಕಲ್ಲು
ಇದೊಂದು ಒಪ್ಪುತ್ತೇನೆ.

ರೋಜಾ ಏರಿಯಾ
ತಾಳ್ಮೆ ಬೇಡ ಅಂದಿರಿ ಭಾಯಿ, ಆದರೆ ನಾನು ತಹರಿ ಮಾಡುವವನು, ಅದರ ಹತ್ತಿರದ್ದೇ ಹೇಳಬೇಕಾಗುತ್ತದೆ. ನಮ್ಮ ಕಲಬುರಗಿ ತಹರಿ ಗೊತ್ತಲ್ವಾ, ಅಕ್ಕಿ ಮಾಂಸ ಒಟ್ಟಿಗೆ ಬೇಯುವುದು. ಉಳ್ಳಾಗಡ್ಡಿ ಹುರಿಯುವಾಗ ಎಲ್ಲರೂ ಉರಿ ಜಾಸ್ತಿ ಮಾಡುತ್ತಾರೆ. ಉಳ್ಳಾಗಡ್ಡಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ. ಆ ನೀರು ಹೋಗುವ ತನಕ ಅದು ನೂರು ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ, ಕೆಂಪಾಗಲ್ಲ. ಉರಿ ಏರಿಸಿದರೆ ಅಂಚು ಕರಿಯಾಗಿ ನಡು ಹಸಿಯಾಗೇ ಉಳಿಯುತ್ತದೆ. ಅಲ್ಲಿ ಬಾಣಸಿಗನ ತಾಳ್ಮೆ ಪ್ರಶ್ನೆ ಅಲ್ಲ, ನೀರಿನ ಪ್ರಶ್ನೆ. ನೀನು ತಾಳ್ಮೆಯಿಂದ ಇರು, ಸಿಡುಕಿಕೊಂಡಿರು, ಅದಕ್ಕೆ ಬೇಕಾದ ಹೊತ್ತು ಅದು ತಗೊಳ್ಳುತ್ತದೆ.

ನನ್ನದು ಸಣ್ಣ ಅಂಗಡಿ. ಮುಂಚೆ ಬಾಕಿ ವಸೂಲಿಗೆ ದಿನಾ ಫೋನ್ ಮಾಡುತ್ತಿದ್ದೆ. ಈಗ ಕೇಳುವುದು ಒಂದು: ಈ ಮನುಷ್ಯನ ಹತ್ತಿರ ದುಡ್ಡು ಬರುವುದು ಯಾವಾಗ? ರೈತ ಆದರೆ ತೊಗರಿ ಮಾರಿದ ಮೇಲೆ. ಡಿಸೆಂಬರಿಗೆ ಮುಂಚೆ ಉರಿ ಏರಿಸಿ ಏನು ಉಪಯೋಗ?

ಹಂಚಿನ ಮುಂದೆ, ಕಲಬುರಗಿ
@ರೋಜಾ ಏರಿಯಾ ಭಾಯಿ, ಇದು ಚಲೋ ಇದೆ. ತರಬೇತಿಯವರಿಗೆ ನಿಮ್ಮನ್ನೇ ಕರೆಸಬೇಕಿತ್ತು.

ಬೀದರ್ ಕೋಟೆ ಬಾಗಿಲು
ಕಲಬುರಗಿಯವರು ಮೇ ತಿಂಗಳಲ್ಲೂ ಒಲೆ ಮುಂದೆ ನಿಲ್ಲುತ್ತೀರಲ್ಲ, ಅದೇ ದೊಡ್ಡ ಪಾಠ. ನಮ್ಮ ಬೀದರ್ ಎತ್ತರದಲ್ಲಿದೆ, ಸಂಜೆಗೆ ಗಾಳಿ ಬರುತ್ತದೆ.

ಹೇಳಬೇಕಾದ್ದು ಬೇರೆ. ನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲಿ ಆಗಾಗ ಸೇವೆಗೆ ಹೋಗುತ್ತೇನೆ. ಮನೆಯಲ್ಲಿ ನಾನು ಚೆನ್ನಾಗಿ ಅಡುಗೆ ಮಾಡುವವನು ಅಂತ ಜಂಬ ಇತ್ತು. ಅಲ್ಲಿ ಹೋದರೆ ಬೆಳ್ಳುಳ್ಳಿ ಸುಲಿಯಲು ಕೂರಿಸಿದರು. ಪಕ್ಕದಲ್ಲಿ ಒಬ್ಬರು ಸುಲಿಯುತ್ತಿದ್ದರು. ಆಮೇಲೆ ಗೊತ್ತಾಯಿತು, ದೊಡ್ಡ ಡಾಕ್ಟರು. ಯಾರೂ ಅವರಿಗೆ ಬೇರೆ ಕೆಲಸ ಕೊಡಲಿಲ್ಲ, ಅವರೂ ಕೇಳಲಿಲ್ಲ. ದಾಲ್ ಕಡಾಯಿ ಹತ್ತಿರ ನಿಲ್ಲಬೇಕು ಅಂತ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಷ್ಟು ಜನಕ್ಕೆ ಊಟ ಆಗಬೇಕೆಂದರೆ ಕಡಾಯಿ ಹತ್ತಿರ ಒಬ್ಬ ಸಾಕು, ಬೆಳ್ಳುಳ್ಳಿಗೆ ಇಪ್ಪತ್ತು ಜನ ಬೇಕು.

ಸೇಡಂ ಅಕ್ಕ
ನಮ್ಮ ಶರಣಬಸವೇಶ್ವರ ದಾಸೋಹದಲ್ಲೂ ಹೀಗೇ ರೀ. ಜಾತ್ರೆ ದಿನ ರೊಟ್ಟಿ ಬುಟ್ಟಿ ಹೊತ್ತು ಬರುವವರು ಯಾರು ಎಂತಹವರು ಅಂತ ಯಾರೂ ಕೇಳಲ್ಲ.

ಗಂಜ್ ಕಾಕಾ
ಇದೆಲ್ಲಾ ಸರಿ. ಆದರೆ ಈಗಿನ ಹುಡುಗಿಯರಿಗೆ ಒಲೆ ಹಚ್ಚಲು ಬರಲ್ಲ. ಮೊಬೈಲಿನಲ್ಲಿ ಒತ್ತಿದರೆ ಊಟ ಬರುತ್ತದೆ. ಮನೆ ಅಡುಗೆ ಬಿಟ್ಟದ್ದಕ್ಕೇ ಮನೆಗಳು ಒಡೆಯುತ್ತಿವೆ.

ಹಾಸ್ಟೆಲ್ ಬಿಟ್ಟವಳು
ಕಾಕಾ, ಮೇಲೆ ನಾವು ನಾಲ್ಕು ಹುಡುಗಿಯರು ದಿನಾ ಅಡುಗೆ ಮಾಡುತ್ತೇವೆ ಅಂತ ಬರೆದಿದ್ದೇನೆ. ಓದಲಿಲ್ಲವಾ? ಪಕ್ಕದ ರೂಮಿನ ಹುಡುಗರು ಖಾನಾವಳಿಗೆ ಹೋಗುತ್ತಾರೆ. ಅವರ ಮನೆ ಒಡೆಯುತ್ತದಾ?

ಸೇಡಂ ಅಕ್ಕ
ಕಾಕಾ, ನೀವು ಕೊನೆ ಸಲ ಚಹಾ ಯಾವಾಗ ಮಾಡಿದಿರಿ?

ಗಂಜ್ ಕಾಕಾ
ನಾನು ದುಡಿದು ತರುವವನು. ಅದು ನನ್ನ ಕೆಲಸ.

ಪ್ರಶ್ನೆ ಚಿಹ್ನೆ
ಮಹಿಳೆಯರು ದಿನಕ್ಕೆ ಐದು ತಾಸು ಅಡುಗೆ ಮಾಡುತ್ತಾರೆ, ಗಂಡಸರು ಒಂದೂವರೆ ತಾಸು. ಸರ್ಕಾರದ ಸಮೀಕ್ಷೆ ಇದೆ ಕಾಕಾ.

ತೊಗರಿ ಕಣಜ
ಸ್ವಲ್ಪ ತಿದ್ದುತ್ತೇನೆ. ಅದು 2019ರ ಸಮಯ ಬಳಕೆ ಸಮೀಕ್ಷೆ. ಹೆಂಗಸರು 299 ನಿಮಿಷ, ಗಂಡಸರು 97 ನಿಮಿಷ. ಆದರೆ ಅದು ಬರೀ ಅಡುಗೆ ಅಲ್ಲ. ಸಂಬಳ ಇಲ್ಲದ ಮನೆಗೆಲಸ ಎಲ್ಲಾ ಸೇರಿ. ಇನ್ನೊಂದು ಸೂಕ್ಷ್ಮ ಇದೆ. ಆ ಸರಾಸರಿ ಮನೆಗೆಲಸ ಮಾಡುವವರದ್ದು ಮಾತ್ರ. ಹೆಂಗಸರಲ್ಲಿ ನೂರಕ್ಕೆ 81 ಮಂದಿ ಮಾಡುತ್ತಿದ್ದರು, ಗಂಡಸರಲ್ಲಿ ನೂರಕ್ಕೆ 26. ಉಳಿದ 74 ಗಂಡಸರು ಆ 97 ನಿಮಿಷದ ಲೆಕ್ಕದಲ್ಲೇ ಇಲ್ಲ. ಅಂದರೆ ನಿಜ ಸ್ಥಿತಿ ಆ ಅಂಕಿಗಿಂತ ಕೆಟ್ಟದ್ದು.

ಶಹಾಬಾದ್ ಕಲ್ಲು
ಕಾಕಾ 74ರಲ್ಲಿ ಇದ್ದಾರೆ.

ನಿರ್ವಾಹಕ
ವೈಯಕ್ತಿಕ ಬೇಡ. ವಿಷಯಕ್ಕೆ ಬನ್ನಿ. (ಚಹಾ ಪ್ರಶ್ನೆಗೆ ಉತ್ತರ ಬಂದರೆ ನಾವೂ ಓದುತ್ತೇವೆ.)

ನಿವೃತ್ತ ಮೇಷ್ಟ್ರು, ಹುಮನಾಬಾದ್
ನಾನು ಗಣಿತ ಕಲಿಸುತ್ತಿದ್ದವನು. ಮನೆಯವರು ತೀರಿಕೊಂಡ ಮೇಲೆ ಅಡುಗೆ ಶುರು ಮಾಡಿದೆ. ಮಗ ಪುಣೆಗೆ ಬಾ ಅಂತಾನೆ, ನನಗೆ ಅಲ್ಲಿ ಹೊಂದಲ್ಲ.

ಪಕ್ಕದ ಮನೆಯ ಅಕ್ಕನವರನ್ನು ಕೇಳಿದೆ, ಝುಣಕಕ್ಕೆ ಕಡಲೆಹಿಟ್ಟು ಎಷ್ಟು, ನೀರು ಎಷ್ಟು? "ಅಂದಾಜು ಸರ್" ಅಂದರು. ಉಪ್ಪು? "ಅಂದಾಜು." ಎಷ್ಟು ಹೊತ್ತು? "ಆಗಿದೆ ಅಂತ ಅನ್ನಿಸೋ ತನಕ." ಓಣಿಯಲ್ಲಿ ಯಾರನ್ನು ಕೇಳಿದರೂ ಇದೇ. ಅವರು ಮುಚ್ಚಿಡುತ್ತಿಲ್ಲ. ನಿಜಕ್ಕೂ ಅವರಿಗೆ ಗೊತ್ತಿರುವುದು ಕೈಯಲ್ಲಿದೆ, ಬಾಯಿಗೆ ಬರಲ್ಲ. ಆಗ ನನ್ನ ತರಗತಿ ನೆನಪಾಯಿತು. ಬೀಜಗಣಿತದಲ್ಲಿ ಒಂದು ಹೆಜ್ಜೆ ಹಾರಿ ಬರೆದರೆ ಹಿಂದಿನ ಬೆಂಚಿನವನು ಅದು ಹೇಗೆ ಬಂತು ಅಂತ ಮುಖ ನೋಡುತ್ತಿದ್ದ. ಬಂದವರಿಗೆ ಬರದವರ ತೊಡಕು ಕಾಣುವುದಿಲ್ಲ. ಇದು ಸೇವೆಯಲ್ಲಿದ್ದಾಗಲೇ ಗೊತ್ತಾಗಬೇಕಿತ್ತು, ಇರಲಿ.

ಈಗ ಒಂದು ಸಣ್ಣ ತಕ್ಕಡಿ ಇಟ್ಟಿದ್ದೇನೆ. ಎಲ್ಲಾ ತೂಕ ಮಾಡಿ ನೋಟುಬುಕ್ಕಿನಲ್ಲಿ ಬರೆಯುತ್ತೇನೆ. ಒಂದು ಚಮಚ ಪುಡಿ ಉಪ್ಪು, ಒಂದು ಚಮಚ ಹರಳು ಉಪ್ಪಿಗಿಂತ ತೂಕ ಜಾಸ್ತಿ. ಪುಸ್ತಕದಲ್ಲಿ "ಒಂದು ಚಮಚ" ಅಂತ ಬರೆದವರು ಯಾವ ಉಪ್ಪು ಅಂತ ಹೇಳುವುದೇ ಇಲ್ಲ. ಓಣಿಯ ಹೊಸ ಸೊಸೆಯಂದಿರು ಈಗ ನನ್ನ ನೋಟುಬುಕ್ಕಿನ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಸೇಡಂ ಅಕ್ಕ
ಸರ್, ಗೌರವ ಇಟ್ಟೇ ವಿರೋಧ ಮಾಡುತ್ತೇನೆ. ತಕ್ಕಡಿ ಸುಳ್ಳು ಹೇಳಲ್ಲ, ಆದರೆ ಹಿಟ್ಟು ದಿನಾ ಒಂದೇ ಇರಲ್ಲ. ಮಳೆಗಾಲದ ಹಿಟ್ಟಿಗೆ ಒಂದು ಎಸರು, ಏಪ್ರಿಲ್ ಹಿಟ್ಟಿಗೆ ಇನ್ನೊಂದು. ಹೊಸ ಜೋಳ ಬೇರೆ, ಹಗೇವಿನ (ನೆಲದೊಳಗಿನ ಕಣಜದ) ಹಳೇ ಜೋಳ ಬೇರೆ. ಬರೆದಿಟ್ಟ ಅಳತೆ ನಂಬಿ ನೀರು ಹೊಯ್ದರೆ ಒಂದು ದಿನ ಗಂಜಿ ಆಗುತ್ತದೆ.

ನಿವೃತ್ತ ಮೇಷ್ಟ್ರು, ಹುಮನಾಬಾದ್
ಒಪ್ಪುತ್ತೇನೆ ತಾಯಿ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಒಂದು ಅಂಕಿ ಬೇಕಲ್ಲ. ನೂರು ಗ್ರಾಂ ಹಿಟ್ಟಿಗೆ ನೂರು ಮಿಲಿ ಹತ್ತಿರ ನೀರು ಅಂತ ಗೊತ್ತಿದ್ದರೆ, ಅಲ್ಲಿಂದ ಆಚೀಚೆ ಹೋಗಬಹುದು. ಏನೂ ಗೊತ್ತಿಲ್ಲದವನಿಗೆ "ಅಂದಾಜು" ಅಂದರೆ ಗೋಡೆಗೆ ಹಣೆ ಹಚ್ಚಿದ ಹಾಗೆ.

ಆಳಂದದವನು, ಸದ್ಯ ಬೆಂಗಳೂರು
ಸರ್, ಆ ನೋಟುಬುಕ್ಕಿನ ಫೋಟೋ ಇಲ್ಲೂ ಹಾಕಿ.

ಪ್ರಶ್ನೆ ಚಿಹ್ನೆ
ವಿಷಯ ಬಿಟ್ಟು ಕೇಳುತ್ತೇನೆ. ನಮ್ಮ ಹೊಸ ಲೇಔಟಿನ ಬೋರ್ ನೀರಿನಲ್ಲಿ ಬೇಳೆ ಬೇಯುವುದೇ ಇಲ್ಲ. ಆರು ಸೀಟಿ ಆದರೂ ಕಾಳುಕಾಳು. ತೊಗರಿ ನಾಡಿನಲ್ಲಿದ್ದು ಹೀಗಾದರೆ ಹೇಗೆ?

ತೊಗರಿ ಕಣಜ
ಬೇಳೆಯದ್ದು ತಪ್ಪಿಲ್ಲ, ನೀರಿನದ್ದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಬೇಳೆಯ ಪೆಕ್ಟಿನ್ ಜತೆ ಸೇರಿ ಗಟ್ಟಿ ಮಾಡುತ್ತವೆ. ಬೇಳೆ ನೆನೆಸಲು, ಬೇಯಿಸಲು ಫಿಲ್ಟರ್ ನೀರು ಹಾಕಿ ನೋಡಿ, ಅದೇ ಬೇಳೆ ಬೆಣ್ಣೆ ಆಗುತ್ತದೆ. ಚಿಟಿಕೆ ಸೋಡಾ ಹಾಕಿದರೂ ಬೇಯುತ್ತದೆ, ಆದರೆ ರುಚಿ ಕೆಡುತ್ತದೆ. ಹುಣಸೆಹಣ್ಣು, ಟೊಮೆಟೊ ಮೊದಲೇ ಹಾಕಬೇಡಿ. ಹುಳಿ ಸೇರಿದರೆ ಬೇಳೆ ಮೆತ್ತಗಾಗಲು ತಡ. ಬೆಂದ ಮೇಲೆ ಹಾಕಿ. ಮತ್ತೆ, ಹಳೇ ಬೇಳೆ ಆದರೂ ಬೇಯುವುದು ನಿಧಾನ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ಅಂಗಡಿಯಲ್ಲಿ "ಕಲಬುರಗಿ ಬೇಳೆ" ಅಂತ ಮಾರುವುದೆಲ್ಲ ಇಲ್ಲಿಯದ್ದೇ ಅಂತ ನಂಬಬೇಡಿ. ಆಫ್ರಿಕಾದಿಂದ ಬಂದ ತೊಗರಿಯೂ ಮಾರುಕಟ್ಟೆಯಲ್ಲಿದೆ.

ಶಹಾಬಾದ್ ಕಲ್ಲು
ಇದರಲ್ಲಿ ಜೀವನದ ಪಾಠ?

ತೊಗರಿ ಕಣಜ
ಬೇಳೆಗೆ ಬೈಯುವ ಮುಂಚೆ ನೀರು ನೋಡು. ಮಕ್ಕಳ ಮಾರ್ಕ್ಸ್ ಕಾರ್ಡಿಗೂ ಇದೇ. ಸಾಕಾ?

ಶಹಾಬಾದ್ ಕಲ್ಲು
ಸಾಕು ಮಾರಾಯ.

ಯಾದಗಿರಿ ಪ್ಯಾಸೆಂಜರ್
ಎಲ್ಲರೂ ರೊಟ್ಟಿ ರೊಟ್ಟಿ ಅಂತೀರಿ. ನಮ್ಮ ಕಡೆ ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಹೊಲ ಭತ್ತವಾಯಿತು, ತಾಟು ಅನ್ನವಾಯಿತು. ನಮ್ಮ ಅಜ್ಜನಿಗೆ ಅನ್ನ ಹಬ್ಬದ ಊಟ, ನನಗೆ ದಿನದ್ದು.

ಅನ್ನದಿಂದ ನಾನು ಕಲಿತದ್ದು ಅಮ್ಮನಿಗೆ ಎದುರು ಮಾತಾಡೋದು! ಅಮ್ಮ ಒಂದು ಅಗುಳೂ ಚೆಲ್ಲಲ್ಲ. ರಾತ್ರಿ ಉಳಿದ ಅನ್ನ ಮುಚ್ಚಿಟ್ಟು ಮರುದಿನ ಮಧ್ಯಾಹ್ನ ಒಗ್ಗರಣೆ. ಚಳಿಗಾಲದಲ್ಲಿ ನಡೆಯಬಹುದು. ಯಾದಗಿರಿ ಬೇಸಿಗೆಯಲ್ಲಿ ರಾತ್ರಿಯೂ ಮನೆ ಒಳಗೆ ಮೂವತ್ತರ ಮೇಲೆ ಇರುತ್ತದೆ. ಅಪ್ಪನಿಗೆ ವಾಂತಿ ಶುರುವಾಗಿ ಆಸ್ಪತ್ರೆಗೆ ಓಡಿದೆವು. ಅಲ್ಲಿಂದ ನಾನು ಹಟ ಹಿಡಿದೆ.

ತೊಗರಿ ಕಣಜ
ನೀವು ಹೇಳಿದ್ದು ಸರಿ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಇದೆ. ಅದರ ಬೀಜಾಣು ಅನ್ನ ಕುದಿಸಿದರೂ ಸಾಯಲ್ಲ. ಬೆಚ್ಚಗೆ ಬಿಟ್ಟರೆ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗಲ್ಲ. ಎರಡು ತಾಸಿನ ಒಳಗೆ ಅಗಲ ತಾಟಿನಲ್ಲಿ ಹರಡಿ ಆರಿಸಿ ಫ್ರಿಜ್ಜಿಗೆ ಹಾಕಬೇಕು.

ಗಂಜ್ ಕಾಕಾ
ನಮ್ಮ ಕಾಲದಲ್ಲಿ ತಂಗಳನ್ನ ತಿಂದೇ ಬೆಳೆದೆವು. ಏನೂ ಆಗಲಿಲ್ಲ. ಅನ್ನ ಚೆಲ್ಲುವುದು ಪಾಪ.

ಯಾದಗಿರಿ ಪ್ಯಾಸೆಂಜರ್
ಕಾಕಾ, ಆಗಿದ್ದವರು ಬಂದು ಇಲ್ಲಿ ಬರೆಯಲ್ಲ.

ನಾವು ಕಂಡುಕೊಂಡ ದಾರಿ ಚೆಲ್ಲುವುದಲ್ಲ, ಕಮ್ಮಿ ಮಾಡುವುದು. ಅಮ್ಮನಿಗೆ ಕಮ್ಮಿ ಮಾಡುವುದೇ ಕಷ್ಟ. "ಯಾರಾದರೂ ಬಂದರೆ?" ಅಂತಾರೆ. ಬಂದರೆ ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಕುಕ್ಕರ್ ಇಡುತ್ತೇನೆ ಅಂತ ಮಾತು ಕೊಟ್ಟೆ. ಮಾತು ಉಳಿಸಿಕೊಂಡೆ. ಈಗ ಪಾತ್ರೆ ಖಾಲಿ ಆದರೆ ಅವರಿಗೆ ನಾಚಿಕೆ ಇಲ್ಲ. ಅಮ್ಮನ ಹೆದರಿಕೆ ಅನ್ನದ್ದಲ್ಲ, ಬಂದವರ ಮುಂದೆ ಇಲ್ಲ ಅನ್ನಬೇಕಲ್ಲ ಅನ್ನುವುದು. ಅದು ತಿಳಿಯುವ ತನಕ ಬ್ಯಾಕ್ಟೀರಿಯಾ ಅಂತ ಎಷ್ಟು ಹೇಳಿದರೂ ದಂಡ.

ಸೇಡಂ ಅಕ್ಕ
ಇದಕ್ಕೇ ನಮ್ಮ ಹಿರಿಯರು ಕಡಕ್ ರೊಟ್ಟಿ ಮಾಡಿದ್ದು ತಮ್ಮಾ. ಅದರಲ್ಲಿ ನೀರೇ ಇಲ್ಲ, ಕೆಡಲ್ಲ. ಅಟ್ಟದ ಮೇಲೆ ಬುಟ್ಟಿ ತುಂಬಾ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ. ಯಾರು ಬಂದರೂ ಊಟ ಇದೆ. ಅನ್ನ ಬಂದ ಮೇಲೇ ಈ ತಾಪತ್ರಯ.

ಯಾದಗಿರಿ ಪ್ಯಾಸೆಂಜರ್
ಶುರುವಾಯಿತು ರೊಟ್ಟಿ ಪುರಾಣ.

ಬೀದರ್ ಕೋಟೆ ಬಾಗಿಲು
@ಹಂಚಿನ ಮುಂದೆ, ನಿಮ್ಮ ಮನೆಯವರು ಬಸ್ಸಿಗೆ ಯಾಕೆ ಬರುತ್ತಾರೆ? 2017ರಿಂದ ಬೀದರ್–ಕಲಬುರಗಿ ರೈಲು ಇದೆಯಲ್ಲ.

ಹಂಚಿನ ಮುಂದೆ, ಕಲಬುರಗಿ
ಅಣ್ಣಾ, ಶಾಲೆ ಇರುವುದು ಒಳಗಿನ ಹಳ್ಳಿಯಲ್ಲಿ. ಅಲ್ಲಿಂದ ಬೀದರ್‌ಗೆ ಬರುವುದೇ ಒಂದು ಪ್ರಯಾಣ. ಬಸ್ಸಿಗೆ ಶಕ್ತಿ ಯೋಜನೆ ಇದೆ, ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ರೈಲಿನ ಹೊತ್ತು ಹೊಂದುವುದಿಲ್ಲ.

ಎಲ್ಲರ ಮಾತೂ ಓದಿದೆ. ಸೇಡಂ ಅಕ್ಕ, ಗಿರಣಿಗೆ ಹೋಗಿ ಮಾಲದಂಡಿ ಬೀಸಿಸಿಕೊಂಡು ಬಂದೆ, ಎಸರು ಕುದಿಸಿ ಹೊಯ್ದೆ. ಅಂಚು ಈಗ ಸೀಳುತ್ತಿಲ್ಲ. ದುಂಡಗೆ ಇನ್ನೂ ಬಂದಿಲ್ಲ. ಅಪ್ಪ ಏನೂ ಅನ್ನದೆ ತಿಂದರು. ನಮ್ಮಪ್ಪನ ಲೆಕ್ಕದಲ್ಲಿ ಅದು ಹೊಗಳಿಕೆ.

ನೀವು ಹೇಳಿದ ಕೆಲಸ–ಪಾಠದ ಮಾತು ಚುಚ್ಚಿತು, ಆದರೆ ಪೂರ್ತಿ ಒಪ್ಪಲಾರೆ. ನಾನು ಭಾನುವಾರದ ಷೋಕಿಗೆ ಮಾಡುತ್ತಿಲ್ಲ. ಸೋಮವಾರದಿಂದ ಶುಕ್ರವಾರದ ತನಕ ಮಾಡದಿದ್ದರೆ ಮೂವರು ಉಪವಾಸ. ಇನ್ನೊಂದು ತೊಡಕು ಇದೆ, ಯಾರಿಗಾದರೂ ಆಗಿದೆಯಾ ನೋಡಿ. ನಾನು ಡಬ್ಬಿಗಳನ್ನು ನನ್ನ ಕೈಗೆ ಸಿಗುವ ಹಾಗೆ ಜೋಡಿಸಿಟ್ಟಿದ್ದೇನೆ. ಸಾಸಿವೆ, ಜೀರಿಗೆ ಒಲೆ ಎಡಕ್ಕೆ, ಖಾರ ಮೇಲೆ. ಶನಿವಾರ ಅವಳು ಬಂದವಳೇ ಎಲ್ಲಾ ತನ್ನ ಹಳೇ ಜಾಗಕ್ಕೆ ಇಡುತ್ತಾಳೆ. ಸೋಮವಾರ ಬೆಳಗ್ಗೆ ನಾನು ಸಾಸಿವೆ ಹುಡುಕುತ್ತೇನೆ, ಎಣ್ಣೆ ಕಾದು ಹೊಗೆ. ಜಗಳ ಆಯಿತು. "ನನ್ನ ಅಡುಗೆಮನೆ" ಅಂದಳು. ನಾನೂ ಅದೇ ಅಂದೆ.

ಸೇಡಂ ಅಕ್ಕ
ಹ್ಞಾಂ, ಈಗ ದಾರಿಗೆ ಬಂದೆ. ಸಾಸಿವೆ ಡಬ್ಬಿಗೆ ಜಗಳ ಆಡುವವನು ನೆಂಟ ಅಲ್ಲ, ಮನೆಯವನು. ಮೊದಲು ಹೇಳಿದ ಮಾತು ನಿನಗೆ ಅಲ್ಲ, ಆ ತರಬೇತಿಯವರಿಗೆ ಅಂತ ತಿಳಿ.

ಆದರೆ ಅವಳ ಕಡೆಯಿಂದಲೂ ನೋಡು. ಐದು ದಿನ ಬಾಡಿಗೆ ರೂಮಿನಲ್ಲಿ ಇರುತ್ತಾಳೆ. ಬಂದಾಗ ತನ್ನ ಮನೆಯಲ್ಲಿ ತನ್ನ ಕೈಗೆ ಏನೂ ಸಿಗದಿದ್ದರೆ ಹೇಗಾಗಬೇಡ? ಡಬ್ಬಿ ಜಗಳ ಅಂತ ತಿಳಿಯಬೇಡ.

ರೋಜಾ ಏರಿಯಾ
ಭಾಯಿ, ಸಿಂಪಲ್. ಒಂದು ಮಸಾಲೆ ಡಬ್ಬಿ ತನ್ನಿ, ಏಳು ಬಟ್ಟಲು ಇರುವುದು. ಅದು ಎಲ್ಲಿ ಬೇಕಾದರೂ ಓಡಾಡಲಿ. ನಮ್ಮ ಮನೆಯಲ್ಲಿ ಅಮ್ಮಿ, ಬೀವಿ, ನಾನು, ಮೂವರು ಅಡುಗೆ ಮಾಡುತ್ತೇವೆ. ಮೂರು ಮಸಾಲೆ ಡಬ್ಬಿ. ಅಮ್ಮಿಯದ್ದನ್ನು ಯಾರೂ ಮುಟ್ಟಲ್ಲ!

ಹಾಸ್ಟೆಲ್ ಬಿಟ್ಟವಳು
ಅಥವಾ ಡಬ್ಬಿ ಮೇಲೆ ಹೆಸರು ಬರೆದು ಅಂಟಿಸಿ. ಮಗಳ ಕೈಯಿಂದ ಬರೆಸಿ, ಇಬ್ಬರೂ ಜಾಗ ಬದಲಿಸಲ್ಲ.

ನಿವೃತ್ತ ಮೇಷ್ಟ್ರು, ಹುಮನಾಬಾದ್
ಶನಿವಾರ ಅವರು ಬಂದಾಗ ಇಬ್ಬರೂ ಕೂತು ಜಾಗ ತೀರ್ಮಾನ ಮಾಡಿ. ಒಬ್ಬರೇ ಇರುವ ಅಡುಗೆಮನೆಯಲ್ಲಿ ಡಬ್ಬಿ ಎಲ್ಲಿಟ್ಟರೂ ಅಲ್ಲೇ ಇರುತ್ತದೆ. ಅದೇನೂ ಅಂಥ ಸುಖ ಅಲ್ಲ.

ಗಂಜ್ ಕಾಕಾ
ಚಹಾ ಮಾಡಿದ್ದೇನೆ. ಇವತ್ತು ಸಂಜೆ. ಮನೆಯಲ್ಲಿ ಎಲ್ಲರೂ ನಗುತ್ತಿದ್ದಾರೆ. ಹಾಲು ಉಕ್ಕಿತು ಅಂತ ಇಲ್ಲಿ ಯಾರೂ ಬರೆಯಬೇಡಿ.

ಶಹಾಬಾದ್ ಕಲ್ಲು
73.

ಪ್ರಶ್ನೆ ಚಿಹ್ನೆ
ಫಿಲ್ಟರ್ ನೀರಿನಲ್ಲಿ ಬೇಳೆ ಬೆಂದಿತು. ಮೂರೇ ಸೀಟಿ. ಧನ್ಯವಾದ @ತೊಗರಿ ಕಣಜ.

ಬೀದರ್ ಕೋಟೆ ಬಾಗಿಲು
ಎಳ್ಳಮಾವಾಸ್ಯೆ ಹತ್ತಿರ ಬಂತು. ಭಜ್ಜಿಗೆ ಯಾರ್‍ಯಾರು ಏನೇನು ಹಾಕುತ್ತೀರಿ? ನಮ್ಮಲ್ಲಿ ಹಸಿ ತೊಗರಿ, 
ಅವರೆ, ಹಸಿ ಕಡಲೆ, ಶೇಂಗಾ, ಬದನೆ, ಗಜ್ಜರಿ, ಮೆಂತ್ಯ, ಹುಣಸೆ, ಮೇಲೆ ಕಡಲೆಹಿಟ್ಟು. ಜತೆಗೆ ಸಜ್ಜೆ ರೊಟ್ಟಿ, ಅಂಬಲಿ. ಹೊಲದಲ್ಲಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ ಬಂದ ಮೇಲೆ ದಾರಿಯಲ್ಲಿ ಹೋಗುವವರನ್ನೂ ಕರೆದು ಬಡಿಸುತ್ತೇವೆ. ಆ ದಿನ ಹೊಲ ಇಲ್ಲದ ಗೆಳೆಯನೇ ನನಗಿಂತ ಜಾಸ್ತಿ ಕಡೆ ಉಂಡು ಬರುತ್ತಾನೆ.

ಆಳಂದದವನು, ಸದ್ಯ ಬೆಂಗಳೂರು
ಹೊಟ್ಟೆ ಉರಿಸಬೇಡಿ ಅಣ್ಣಾ. ಅವತ್ತು ಇಲ್ಲಿ ರಜೆ ಇಲ್ಲ.

ಶಹಾಬಾದ್ ಕಲ್ಲು
ಸರಿ, ಇಷ್ಟು ಓದಿದ ಮೇಲೆ ಒಂದು ಕೇಳುತ್ತೇನೆ. ಪುಂಡಿ ಪಲ್ಯ ಹೇಗೆ ಮಾಡೋದು? ಮನೆಯಲ್ಲಿ ನಾನೊಬ್ಬನೇ ಇದ್ದೇನೆ. ಕಣ್ಣಿ ಮಾರ್ಕೆಟಿನಿಂದ ಎರಡು ಕಟ್ಟು ತಂದಿದ್ದೇನೆ, ಬಾಡುತ್ತಿದೆ.

ಸೇಡಂ ಅಕ್ಕ
ಎಲೆ ಬಿಡಿಸಿ ತೊಳೆ. ತೊಗರಿಬೇಳೆ ಮೊದಲು ಬೇರೆ ಬೇಯಿಸು, ಪುಂಡಿ ಹುಳಿ ಇರುವುದರಿಂದ ಜತೆಗೆ ಹಾಕಿದರೆ ಬೇಳೆ ಬೇಯಲ್ಲ. ಮುಕ್ಕಾಲು ಬೆಂದ ಮೇಲೆ ಎಲೆ, ಹಸಿಮೆಣಸಿನಕಾಯಿ, ಒಂದು ಮುಷ್ಟಿ ಜೋಳದ ನುಚ್ಚು ಹಾಕು. ಮೆತ್ತಗಾದ ಮೇಲೆ ಉಪ್ಪು ಹಾಕಿ ಮಸಿ. ಎಣ್ಣೆ ಸ್ವಲ್ಪ ಜಾಸ್ತಿ ಕಾಯಿಸಿ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ. ಬೆಳ್ಳುಳ್ಳಿ ಕೆಂಪಾದ ಕೂಡಲೇ ಇಳಿಸು, ಕಪ್ಪಾದರೆ ಕಹಿ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾಡಬೇಡ.

ಯಾದಗಿರಿ ಪ್ಯಾಸೆಂಜರ್
ನುಚ್ಚು ಹಾಕಬೇಡಿ. ಬೇಳೆ ಸಾಕು. ಅನ್ನದ ಜತೆ ಕಲಸಿ ತಿನ್ನಿ.

ಸೇಡಂ ಅಕ್ಕ
ನುಚ್ಚಿಲ್ಲದ ಪುಂಡಿ ಪಲ್ಯ ನಿಮ್ಮ ಭತ್ತದ ಊರಿಗೆ ಇರಲಿ.

ಶಹಾಬಾದ್ ಕಲ್ಲು
ಮನೆಯಲ್ಲಿ ನುಚ್ಚು ಇಲ್ಲ. ಅಕ್ಕಿ ನುಚ್ಚು ನಡೆಯುತ್ತದಾ? ಬೇಗ ಹೇಳಿ, ಬೇಳೆ ಇಟ್ಟಿದ್ದೇನೆ.